ದ್ವಾದಶಿಯ ಸುಸ್ತು

ಕ್ರೋಂಪೇಟೆ ಸ್ಟೇಷನ್ನಿನ ಮೇಲ್ಸೇತುವೆಗೆ ಒಟ್ಟು ಎಷ್ಟು ಮೆಟ್ಟಿಲುಗಳಿವೆ ಎಂಬುದು ನನಗೆ ಗೊತ್ತಿಲ್ಲ. ಹದಿನೇಳರ ತನಕ ಗೊತ್ತು. ಹದಿನೇಳನೆಯ ಮೆಟ್ಟಿಲ ಮೇಲೆ ನಿಂತು, ಗೋಡೆಗೆ ಸರಿದು, ಕೈಚೀಲದಲ್ಲಿ ಏನನ್ನೋ ಹುಡುಕುವವಳಂತೆ ನಟಿಸುತ್ತೇನೆ. ಮತ್ತೆ ಹತ್ತಲು ಶುರು ಮಾಡುವಷ್ಟರಲ್ಲಿ ಲೆಕ್ಕ ತಪ್ಪಿರುತ್ತದೆ. ನಮ್ಮ ಕಾಲೇಜಿನ ಹುಡುಗರು ಎರಡೆರಡು ಮೆಟ್ಟಿಲು ಹಾರುತ್ತಾ "ಗುಡ್ ಮಾರ್ನಿಂಗ್ ಮ್ಯಾಮ್" ಎಂದು ಹೋಗುತ್ತಾರೆ. ನಾನು ಚೀಲದಿಂದ ತಲೆಯೆತ್ತಿ, ಹುಡುಕಿದ್ದು ಸಿಕ್ಕಿತು ಎಂಬಂತೆ ನಗುತ್ತೇನೆ. ನಾಲ್ಕು ವರ್ಷಗಳಲ್ಲಿ ಈ ನಟನೆಯಲ್ಲಿ ಸಾಕಷ್ಟು ಪಳಗಿದ್ದೇನೆ.

ನನ್ನ ಹೆಸರು ಜಯಂತಿ, ವಯಸ್ಸು ನಲವತ್ತೆರಡು. ಮನೆ ಪಶ್ಚಿಮ ಮಾಂಬಳದಲ್ಲಿ, ಕೆಲಸ ಕ್ರೋಂಪೇಟೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಲೈಬ್ರರಿಯಲ್ಲಿ. ನಮ್ಮದು ಮಾಧ್ವರ ಮನೆ. ಗಂಡನ ಮನೆಯವರು ಮೂರು ತಲೆಮಾರಿನಿಂದ ಮದರಾಸಿನವರು. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಗಂಡ ರಾಘು ಇನ್ಶೂರೆನ್ಸ್ ಆಫೀಸಿನಲ್ಲಿದ್ದಾರೆ. ಮಗಳು ಅಪೂರ್ವ ಹತ್ತನೆಯ ಕ್ಲಾಸು, ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವವಳು. ಅತ್ತೆ ಇಂದಿರಮ್ಮನವರಿಗೆ ಎಪ್ಪತ್ತೆಂಟು. ನನ್ನ ಕಾಯಿಲೆಯ ಕಥೆ ಬರೆಯುತ್ತೇನೆ ಎಂದಾಗ "ನನ್ನ ಬಗ್ಗೆ ಏನು ಬರೀತೀಯೆ?" ಎಂದು ಅವರು ಕೇಳಿದ್ದರು. ನಡೆದದ್ದನ್ನು ಬರೆಯುತ್ತೇನೆ ಎಂದೆ. "ಹಾಗಾದ್ರೆ ಕಷ್ಟ" ಎಂದು ಒಳಗೆ ಹೋದರು.

ಕಾಯಿಲೆಗೆ ಹೆಸರು ಸಿಗಲು ಎಂಟು ತಿಂಗಳು ಬೇಕಾಯಿತು. ಬೆರಳಿನ ಗೆಣ್ಣುಗಳು ಊದಿದ್ದಕ್ಕೆ ಮೂಳೆ ಡಾಕ್ಟರು, ಕೆನ್ನೆ ಕೆಂಪಾಗಿದ್ದಕ್ಕೆ ಚರ್ಮದ ಡಾಕ್ಟರು, ಬಾಯಿಹುಣ್ಣಿಗೆ ಹಲ್ಲಿನ ಡಾಕ್ಟರು. ಇವರೆಲ್ಲ ತಮ್ಮ ತಮ್ಮ ಭಾಗವನ್ನು ನೋಡಿ ಕಳಿಸಿದರು. ಕೊನೆಗೆ ಕೀಲುವಾತದ ಡಾಕ್ಟರೊಬ್ಬರು ಮೂರೂ ಭಾಗಗಳನ್ನು ಒಟ್ಟಿಗೆ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಲೂಪಸ್ ಎಂದರು, ಮೈ ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿಬೀಳುವ ಕಾಯಿಲೆ. ನಾನು ಮಾಡಿದ ಮೊದಲ ಕೆಲಸ ಸ್ಪೆಲಿಂಗ್ ಕೇಳಿ ಬರೆದುಕೊಂಡದ್ದು. ಲೈಬ್ರರಿಯವರ ಅಭ್ಯಾಸ ಅದು. ವಾಪಸು ಬರುವಾಗ ರಾಘು ಪಾಂಡಿ ಬಜಾರಿನಲ್ಲಿ ಆಟೋ ನಿಲ್ಲಿಸಿ, ಇಳಿದು ಹೋಗಿ, ಒಂದು ದೊಡ್ಡ ಕಪ್ಪು ಕೊಡೆ ತಂದರು. ಬಿಸಿಲು ತಾಗಬಾರದು ಎಂದು ಡಾಕ್ಟರು ಹೇಳಿದ್ದರಲ್ಲ, ಆ ದಿನ ಅವರ ತಲೆಗೆ ಹೋದದ್ದು ಅದೊಂದೇ. ಆ ಕೊಡೆ ಈಗಲೂ ಇದೆ.

ಚಿಕಿತ್ಸೆ ಕೆಲಸ ಮಾಡಿತು. ಅದನ್ನು ಹೇಳಲೇಬೇಕು, ಏಕೆಂದರೆ ಹೊಸದಾಗಿ ಈ ಹೆಸರು ಕೇಳಿದವರು ಇದನ್ನು ಓದುತ್ತಿರಬಹುದು. ಸ್ಟೆರಾಯ್ಡು ಮತ್ತು ಇನ್ನೆರಡು ಮಾತ್ರೆಗಳಿಂದ ಆರು ತಿಂಗಳಲ್ಲಿ ಊತ ಇಳಿಯಿತು, ಕೆನ್ನೆ ತಿಳಿಯಾಯಿತು, ರಿಪೋರ್ಟಿನಲ್ಲಿ ಕೆಂಪಕ್ಷರಗಳು ಕಡಿಮೆಯಾದವು. ನೆಂಟರು ಫೋನ್ ಮಾಡಿ ಸಂತೋಷಪಟ್ಟರು. ಕಾಯಿಲೆ ಹೋಯಿತು ಎಂದು ಎಲ್ಲರೂ ಒಪ್ಪಿಕೊಂಡ ಹೊತ್ತಿಗೆ ನನಗೆ ಗೊತ್ತಾಯಿತು, ಸುಸ್ತು ಹೋಗಿಲ್ಲ.

ಈ ಸುಸ್ತನ್ನು ವಿವರಿಸುವುದು ಕಷ್ಟ. ತಲೆ ಬಾಚಲು ಕೈ ಎತ್ತಿದರೆ ಅರ್ಧದಲ್ಲಿ ಇಳಿಸಬೇಕು. ಎಂಟು ಗಂಟೆ ನಿದ್ದೆ ಮಾಡಿ ಎದ್ದಾಗ, ರಾತ್ರಿಯಿಡೀ ಯಾರದೋ ಮದುವೆಯಲ್ಲಿ ಬಡಿಸಿ ಬಂದಂತಿರುತ್ತದೆ. ಸ್ನಾನ ಮಾಡಿ ಬಂದು ಮಂಚದ ಮೇಲೆ ಕೂತರೆ, ಸೀರೆ ಉಡುವುದು ಇನ್ನೂ ಬಾಕಿ ಇದೆ ಎಂಬ ನೆನಪಿಗೇ ಅಳು ಬರುತ್ತದೆ. ಆದರೆ ಇದನ್ನು ಯಾರಿಗೆ ಹೇಳುವುದು? ಚೆನ್ನೈಯಲ್ಲಿ ಮೇ ತಿಂಗಳಲ್ಲಿ ಸುಸ್ತಾಗಿದೆ ಎಂದರೆ ಕೇಳಿದವರು "ನನಗೂ" ಎನ್ನುತ್ತಾರೆ. ಸುಳ್ಳೇನಲ್ಲ, ಅವರಿಗೂ ಸುಸ್ತಾಗಿರುತ್ತದೆ.

"ಸುಮ್ಮಾ ಮಲಗಿದ್ರೆ ಮೈ ಇನ್ನೂ ಭಾರ ಆಗತ್ತೆ ಕಣೇ ಜಯಾ" ಎನ್ನುತ್ತಿದ್ದರು ಅತ್ತೆ. "ಎದ್ದು ನಾಲ್ಕು ಹೆಜ್ಜೆ ಓಡಾಡು. ಎಲ್ಲಾ ಶರಿಯಾಗತ್ತೆ."

ಅಪೂರ್ವ ಪುಸ್ತಕದಿಂದ ತಲೆಯೆತ್ತದೆ ತಮಿಳಿನಲ್ಲಿ ಅಜ್ಜಿಗೆ ಹೇಳುತ್ತಿದ್ದಳು: "ಪಾಟ್ಟಿ, ಅಮ್ಮಾವೆ ವಿಡುಂಗೋ." ಅಮ್ಮನನ್ನು ಬಿಟ್ಟುಬಿಡಿ ಎಂದು.

"ನಾನೇನು ಹಿಡ್ಕೊಂಡಿದ್ದೀನಾ?" ಎಂದು ಅತ್ತೆ ಮೂಗು ಮುರಿಯುತ್ತಿದ್ದರು.

ಅವರು ಕೆಟ್ಟವರಲ್ಲ. ಎಪ್ಪತ್ತೆಂಟರಲ್ಲೂ ಬೆಳಗ್ಗೆ ಐದಕ್ಕೆ ತಣ್ಣೀರು ಸ್ನಾನ ಮಾಡಿ, ಮಡಿಯುಟ್ಟು ಅಡುಗೆಗೆ ನಿಲ್ಲುವವರಿಗೆ, ನಲವತ್ತು ದಾಟಿದವಳು ಒಂದು ಕುಕ್ಕರು ಇಳಿಸಿ ಸೋಫಾದ ಮೇಲೆ ಒರಗುವುದು ಅರ್ಥವಾಗುತ್ತಿರಲಿಲ್ಲ ಅಷ್ಟೆ. ಒಂದೊಂದಾಗಿ ನನ್ನ ಕೆಲಸಗಳು ಅವರ ಕೈಗೆ ಮರಳಿ ಹೋದವು. ಮೊದಲು ಮಡಿ ಅಡುಗೆ, ಆಮೇಲೆ ದೇವರ ಪಾತ್ರೆ ತಿಕ್ಕುವುದು, ಆಮೇಲೆ ಬಾಗಿಲ ರಂಗೋಲಿ. ಅವರು ಒಂದಕ್ಕೂ ಗೊಣಗಲಿಲ್ಲ. ಗೊಣಗಿದ್ದರೆ ನನಗೆ ಹಗುರವಾಗುತ್ತಿತ್ತು.

ಉಳಿದದ್ದು ಏಕಾದಶಿ.

ನಮ್ಮ ಮನೆಯಲ್ಲಿ ಏಕಾದಶಿ ಎಂದರೆ ನಿಜವಾದ ಏಕಾದಶಿ. ಅತ್ತೆ ಒಂದು ಹನಿ ನೀರನ್ನೂ ಕುಡಿಯುವುದಿಲ್ಲ. ಆ ದಿನ ಒಲೆಯ ಮೇಲೆ ಅಪೂರ್ವಳ ಹಾಲು ಕಾಯುತ್ತದೆ, ಅದು ಬಿಟ್ಟರೆ ಬೇರೇನೂ ಇಲ್ಲ. ಅವಳಿಗೆ ಹಾಲಿನಲ್ಲಿ ನೆನೆಸಿದ ಅವಲಕ್ಕಿ. ರಾಘು ಎರಡು ಬಾಳೆಹಣ್ಣು ತಿಂದು ಆಫೀಸಿಗೆ ಹೋಗಿ ಅಲ್ಲಿ ಮಸಾಲೆ ದೋಸೆ ತಿನ್ನುತ್ತಾರೆ. ಇದು ಅತ್ತೆಗೆ ಗೊತ್ತು, ಗೊತ್ತಿಲ್ಲದಂತಿರುತ್ತಾರೆ. ಮದುವೆಯಾಗಿ ಬಂದ ವರ್ಷದಿಂದ ನಾನು ಅತ್ತೆಯ ಜೊತೆ ಉಪವಾಸ ಮಾಡಿಕೊಂಡು ಬಂದೆ. ಕಾಯಿಲೆ ಬಂದಮೇಲೆ ಬಿಡಬಹುದಿತ್ತು. ಎಂಟು ತುಂಬದವರು, ಎಂಬತ್ತು ದಾಟಿದವರು, ರೋಗಿಗಳು ಉಣ್ಣಬಹುದು ಎಂದು ಶಾಸ್ತ್ರವೇ ಬಿಟ್ಟಿದೆ. "ಇನ್ನೆರಡು ವರ್ಷ ತಡಿ, ನಾನೂ ಕಾನೂನು ಪ್ರಕಾರ ಉಣ್ತೀನಿ" ಎಂದು ಅತ್ತೆ ತಮಾಷೆ ಮಾಡುತ್ತಿದ್ದರು.

ನಾನು ಬಿಡಲಿಲ್ಲ. ಉಪವಾಸ ಮಾಡಲು ನಿಲ್ಲಬೇಕಾಗಿಲ್ಲ, ಬಗ್ಗಬೇಕಾಗಿಲ್ಲ, ಕೈ ಎತ್ತಬೇಕಾಗಿಲ್ಲ. ಆ ಮನೆಯಲ್ಲಿ ಮಲಗಿಕೊಂಡೂ ಮಾಡಬಹುದಾದ ಕೆಲಸ ಅದೊಂದೇ ಆಗಿತ್ತು. ಯಾರಾದರೂ ಬಂದಾಗ ಅತ್ತೆ ಹೇಳುತ್ತಿದ್ದರು: "ಪಾವಂ, ಮೈಯಲ್ಲಿ ಶಕ್ತಿ ಇಲ್ಲ. ಆದ್ರೂ ನಮ್ಮ ಜಯಾ ಒಂದು ಏಕಾದಶಿ ಬಿಟ್ಟವಳಲ್ಲ." ಆ ಮಾತು ಕೇಳಲು ನಾನು ಒಳಗಿನ ಕೋಣೆಯಲ್ಲಿ ಕಿವಿಗೊಟ್ಟು ಮಲಗಿರುತ್ತಿದ್ದೆ. ನಾಚಿಕೆಯಾಗುತ್ತದೆ, ಆದರೆ ಹೌದು.

ನನ್ನ ಮಾತ್ರೆಗಳ ಕವರಿನ ಮೇಲೆ ಔಷಧಿ ಅಂಗಡಿಯವನು ತಮಿಳಿನಲ್ಲಿ ಬರೆದುಕೊಟ್ಟಿದ್ದ: ಊಟದ ನಂತರ. ಏಕಾದಶಿಗೆ ಊಟವಿಲ್ಲ. ಊಟವಿಲ್ಲದ ಮೇಲೆ ಊಟದ ನಂತರದ ಮಾತ್ರೆಯೂ ಇಲ್ಲ. ಇದನ್ನು ನಾನು ಕೂತು ಯೋಚಿಸಿ ತೀರ್ಮಾನಿಸಿದ್ದಲ್ಲ. ಆ ದಿನ ಅನ್ನದ ಪಾತ್ರೆ ಕೆಳಗಿಳಿಯುವುದಿಲ್ಲ, ಮಾತ್ರೆಯ ಡಬ್ಬಿಯೂ ಇಳಿಯುವುದಿಲ್ಲ, ಅಷ್ಟೆ. ಮಾರನೆಯ ದಿನ ದ್ವಾದಶಿ, ಬೆಳಗ್ಗೆ ಬೇಗ ಎದ್ದು ಪಾರಣೆ ಮಾಡಿ, ಉಂಡು, ಮಾತ್ರೆ ನುಂಗುತ್ತಿದ್ದೆ. ಮೂರು ವರ್ಷ ಹೀಗೇ ನಡೆಯಿತು.

ಈ ನಡುವೆ ಲೈಬ್ರರಿಯಲ್ಲಿ ನನ್ನ ರಜೆಗಳು ಮುಗಿಯುತ್ತಾ ಬಂದವು. ನಮ್ಮ ಮುಖ್ಯ ಲೈಬ್ರೇರಿಯನ್ ಕಟ್ಟುನಿಟ್ಟಿನ ಮನುಷ್ಯ. ಒಂದು ಮಧ್ಯಾಹ್ನ ನನ್ನನ್ನು ಕರೆದು, ಹಾಜರಿ ಪುಸ್ತಕ ತಿರುಗಿಸಿ ನನ್ನ ಕಡೆ ಇಟ್ಟರು.

"ತಪ್ಪಾ ನೆನೈಕ್ಕಾದೀಂಗ ಮೇಡಂ" ಎಂದು ಶುರು ಮಾಡಿದರು. ತಪ್ಪು ತಿಳಿಯಬೇಡಿ ಎಂದು ಯಾರಾದರೂ ಶುರು ಮಾಡಿದರೆ ಮುಂದೆ ಬರುವುದೇನು ಎಂದು ಎಲ್ಲರಿಗೂ ಗೊತ್ತು. "ಕಾಯಿಲೆಯ ರಜೆ ಎಂದರೆ ಯಾವಾಗಲೋ ಬರಬೇಕು. ನಿಮ್ಮದು ಹದಿನೈದು ದಿನಕ್ಕೊಮ್ಮೆ ಸರಿಯಾಗಿ ಬರುತ್ತದೆ. ಬೇರೆಲ್ಲಾದರೂ ಪಾರ್ಟ್‌ಟೈಮ್ ಕೆಲಸ ಮಾಡುತ್ತಿದ್ದೀರಾ?"

ನನಗೆ ನಗು ಬಂತು. ಇರುವ ಒಂದು ಕೆಲಸಕ್ಕೇ ಬರಲಾಗದವಳು ಎರಡನೆಯದನ್ನು ಎಲ್ಲಿ ಮಾಡಲಿ? ಅವರು ನಗಲಿಲ್ಲ. ಮುಂದಿನ ಸೆಮಿಸ್ಟರ್ ಶುರುವಾಗುವ ತನಕ ನೋಡುತ್ತೇನೆ, ಆಮೇಲೂ ಹೀಗೇ ಆದರೆ ಮ್ಯಾನೇಜ್‌ಮೆಂಟಿಗೆ ಬರೆಯಬೇಕಾಗುತ್ತದೆ ಎಂದರು. ಅಂದರೆ ಮೂರೂವರೆ ತಿಂಗಳು.

ಆ ಕೆಲಸ ನನಗೆ ಬೇಕಿತ್ತು. ಸಂಬಳದ ಮಾತು ಹಾಗಿರಲಿ. ಮನೆಯಲ್ಲಿ ನಾನು ರೋಗಿ. ಲೈಬ್ರರಿಯಲ್ಲಿ, ಯಾವ ಪುಸ್ತಕ ಯಾವ ಸಾಲಿನಲ್ಲಿದೆ ಎಂದು ಕಂಪ್ಯೂಟರಿಗಿಂತ ಮೊದಲು ಹೇಳಬಲ್ಲ ಹೆಂಗಸು. ಅಲ್ಲಿಗೆ ಹೋಗುವುದು ನಿಂತರೆ ಇಡೀ ದಿನ ರೋಗಿಯಾಗಿಯೇ ಇರಬೇಕಾಗುತ್ತದೆ ಎಂದು ಭಯವಾಯಿತು. ಕಾಯಿಲೆಯ ಹೆಸರು ಕೇಳಿದಾಗಲೂ ಅಷ್ಟು ಭಯವಾಗಿರಲಿಲ್ಲ.

ನನ್ನ ಕೀಲುವಾತದ ಡಾಕ್ಟರಿಗೆ ಹೇಳಿದೆ. ಅವರು ಐವತ್ತರ ಆಸುಪಾಸಿನ ತಮಿಳು ಹೆಂಗಸು, ಮೇಜಿನ ಮೇಲೆ ಒಂದು ಪುಟ್ಟ ಮರದ ಶಿಲುಬೆ. ನನ್ನ ಸುಸ್ತನ್ನು ಅವರು ಎಂದೂ ಅನುಮಾನಿಸಲಿಲ್ಲ. "ಇದಕ್ಕೆ ಒಬ್ಬ ಕಳ್ಳ ಇರುವುದಿಲ್ಲ" ಎಂದರು. "ಕಾಯಿಲೆ ಸ್ವಲ್ಪ ಕದಿಯುತ್ತದೆ, ರಕ್ತ ಕಡಿಮೆ ಇದ್ದರೆ ಅದು ಸ್ವಲ್ಪ, ಥೈರಾಯ್ಡ್ ಸ್ವಲ್ಪ, ನಿದ್ದೆ, ನೋವು, ಮನಸ್ಸು, ಕೆಲವೊಮ್ಮೆ ಮಾತ್ರೆಗಳೇ. ಒಬ್ಬೊಬ್ಬರನ್ನಾಗಿ ಹಿಡಿಯೋಣ." ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಜೊತೆಗೆ, ದಿನಾ ಸಂಜೆ ಸುಸ್ತಿಗೆ ಹತ್ತರಲ್ಲಿ ಅಂಕ ಹಾಕಿ ಎರಡು ತಿಂಗಳು ಬರೆದು ತರಲು ಹೇಳಿದರು. ಹತ್ತು ಎಂದರೆ ಏಳಲಾಗದ್ದು. ಹೊರಡುವ ಮುಂಚೆ, ಎಲ್ಲರನ್ನೂ ಕೇಳುವಂತೆ ಕೇಳಿದರು: "ಮಾತ್ರೆ ಬಿಡುತ್ತೀರಾ?"

"ಇಲ್ಲ" ಎಂದೆ. ಅದು ನನ್ನ ಮಟ್ಟಿಗೆ ಸತ್ಯವಾಗಿತ್ತು. ಊಟ ಬಿಡುತ್ತೀರಾ ಎಂದು ಕೇಳಿದ್ದರೂ ಇಲ್ಲ ಎಂದೇ ಹೇಳುತ್ತಿದ್ದೆ. ಏಕಾದಶಿಯನ್ನು ನಾವು ಬಿಡುವುದರ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅವರ ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಜಾಗದಲ್ಲಿ ನನಗೆ ಸೆಲ್ವಿಯ ಪರಿಚಯವಾದದ್ದು. ವಡಪಳನಿಯವಳು, ಸಿನಿಮಾ ಸ್ಟುಡಿಯೋಗಳಿಗೆ ಗುಂಪು ನೃತ್ಯದವರ ಬಟ್ಟೆ ಹೊಲಿದುಕೊಡುತ್ತಾಳೆ. ಅವಳಿಗೂ ಇದೇ ಕಾಯಿಲೆ, ನನಗಿಂತ ಆರು ವರ್ಷ ಸೀನಿಯರ್. ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡು ತಾಸು ಕೂತ ಮೇಲೆ ನಾನು ಏನೋ ಹೇಳಲು ಹೋಗಿ ಮಾತು ಮರೆತೆ. ಅವಳು ಕಾದಳು, ಅವಸರ ಮಾಡಲಿಲ್ಲ.

"ನನಗೆ ಹೇಗಿರತ್ತೆ ಗೊತ್ತಾ ಅಕ್ಕಾ?" ಎಂದಳು ತಮಿಳಿನಲ್ಲಿ. "ಮಷೀನು ಇದೆ, ನೂಲು ಇದೆ, ಬಟ್ಟೆ ಇದೆ. ಕರೆಂಟು ಇಲ್ಲ. ಬಂದವರೆಲ್ಲ ಮಷೀನು ಚೆನ್ನಾಗಿದೆಯಲ್ಲ ಎಂದು ಹೇಳಿ ಹೋಗ್ತಾರೆ."

ನಾನು ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಎದುರಿಗೆ ಕೂತಿದ್ದ ಗಂಡಸೊಬ್ಬರು ಪೇಪರು ಮೇಲಕ್ಕೆತ್ತಿಕೊಂಡರು. ಮೂರು ವರ್ಷಗಳಲ್ಲಿ ಮೊದಲ ಸಲ ನಾನು ಏನನ್ನೂ ವಿವರಿಸದೆ ಒಬ್ಬರಿಗೆ ಅರ್ಥವಾಗಿದ್ದೆ.

ಎರಡು ತಿಂಗಳ ಪಟ್ಟಿ ತೆಗೆದುಕೊಂಡು ಹೋದಾಗ ಡಾಕ್ಟರು ಅದನ್ನು ಮೇಜಿನ ಮೇಲೆ ಹರಡಿದರು. ಲೈಬ್ರರಿಯವಳಾದ್ದರಿಂದ ಗೆರೆ ಎಳೆದು ನೀಟಾಗಿ ಬರೆದಿದ್ದೆ. ಹೆಚ್ಚಿನ ದಿನ ಆರು. ನಡುವೆ ಒಮ್ಮೆ ಒಂಬತ್ತು, ಮಾರನೆಯ ದಿನ ಎಂಟು, ಮತ್ತೆ ಆರು. ಎರಡು ವಾರ ಬಿಟ್ಟು ಮತ್ತೆ ಒಂಬತ್ತು, ಎಂಟು. ನಾಲ್ಕು ಕಡೆ ಹೀಗೇ ಇತ್ತು. ಡಾಕ್ಟರು ನಾಲ್ಕೂ ಒಂಬತ್ತುಗಳಿಗೆ ಸುತ್ತು ಹಾಕಿದರು.

"ಹದಿನೈದು ದಿನಕ್ಕೊಮ್ಮೆ ನಿಮಗೆ ಏನಾಗುತ್ತದೆ?"

ಅವರು ಕೇಳಿದ ಪ್ರಶ್ನೆ ನಮ್ಮ ಲೈಬ್ರೇರಿಯನ್ ಕೇಳಿದ್ದೇ. ನಾನು ತಾರೀಖುಗಳನ್ನು ನೋಡಿದೆ. ಪಂಚಾಂಗ ಬೇಕಾಗಲಿಲ್ಲ. ನಾಲ್ಕೂ ದ್ವಾದಶಿ.

ಹೇಳಿದೆ. ಒಲೆ, ಅತ್ತೆ, ಹನಿ ನೀರೂ ಇಲ್ಲದ್ದು, ಕವರಿನ ಮೇಲೆ ಬರೆದದ್ದು, ಎಲ್ಲ. ಹೇಳುತ್ತಾ ಹೋದಂತೆ ನನಗೇ ಅದು ಎಂಥ ಪೆದ್ದತನವಾಗಿ ಕೇಳಿಸಿತೆಂದರೆ, ಕೊನೆಯ ವಾಕ್ಯ ನುಂಗಿಕೊಂಡೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಸ್ಟೆರಾಯ್ಡು ವರ್ಷಗಟ್ಟಲೆ ತೆಗೆದುಕೊಂಡ ಮೈ ತನಗೆ ಬೇಕಾದ ಸ್ಟೆರಾಯ್ಡನ್ನು ತಾನೇ ತಯಾರಿಸಿಕೊಳ್ಳುವುದನ್ನು ಮರೆತಿರುತ್ತದೆ, ನೀವು ಒಂದು ದಿನ ಹಠಾತ್ತನೆ ನಿಲ್ಲಿಸಿದರೆ ಅದಕ್ಕೆ ಯಾರೂ ದಿಕ್ಕಿರುವುದಿಲ್ಲ, ಜೊತೆಗೆ ನೀರೂ ಇಲ್ಲ, ನಿಮ್ಮ ಕಿಡ್ನಿಯನ್ನು ನಾನು ಕಣ್ಣಿಟ್ಟು ಕಾಯುತ್ತಿದ್ದೇನೆ ಎಂದರು. ಸುಸ್ತಿಗಷ್ಟೇ ನಿಂತದ್ದು ನಿಮ್ಮ ಪುಣ್ಯ ಎಂದೂ ಸೇರಿಸಿದರು.

ಆಮೇಲೆ ಶಿಲುಬೆಯ ಕಡೆ ನೋಡಿ, "ಗುಡ್ ಫ್ರೈಡೇ ದಿನ ನಾನೂ ಉಪವಾಸ ಇರುತ್ತೇನೆ. ಆದರೆ ನನಗೆ ಲೂಪಸ್ ಇಲ್ಲ" ಎಂದರು.

ಏಳುವಾಗ ಇನ್ನೊಂದು ಮಾತು ಹೇಳಿದರು. "ಇದು ಒಬ್ಬ ಕಳ್ಳ ಮಾತ್ರ. ಇವನನ್ನು ಹಿಡಿದ ಮೇಲೂ ಆರು ಇರುತ್ತದೆ. ಆ ಆರು ಐದಾಗಬಹುದು, ನಾಲ್ಕಾಗಬಹುದು. ಸೊನ್ನೆಯಾಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ."

ಮುಂದಿನ ಏಕಾದಶಿಗೆ ಒಂಬತ್ತು ದಿನವಿತ್ತು, ಸೆಮಿಸ್ಟರಿಗೆ ಆರು ವಾರ.

"ಅಮ್ಮನಿಗೆ ಹೇಳೋದು ಬೇಡ" ಎಂದರು ರಾಘು. "ಆಚೆ ಎಲ್ಲಾದ್ರೂ ತಿಂದು ಮಾತ್ರೆ ತಗೋ. ನಾನು ಇಪ್ಪತ್ತು ವರ್ಷದಿಂದ ಮಾಡ್ತಿಲ್ವಾ?"

ಹಾಗೇ ಮಾಡಿದೆ. ಆ ಏಕಾದಶಿಯ ಬೆಳಗ್ಗೆ ಕ್ರೋಂಪೇಟೆಯಲ್ಲಿ ಇಳಿದು, ಸ್ಟೇಷನ್ನಿನ ಹತ್ತಿರದ ಚಿಕ್ಕ ಹೋಟೆಲಿಗೆ ಹೋಗಿ, ಬೀದಿಗೆ ಬೆನ್ನು ಹಾಕಿ ಕೂತೆ. ಬಡಿಸುವವರು ಕಾರ್ಕಳದ ಕಡೆಯವರು, ನಾನು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಹಿಂದೊಮ್ಮೆ ಕೇಳಿದ್ದರು.

"ಎಂಥ ಕೊಡ್ಲಿ ಅಕ್ಕಾ?"

"ಎರಡು ಇಡ್ಲಿ."

"ಇವತ್ತು ಏಕಾದಶಿ ಅಲ್ವಾ? ನಮ್ಮ ಯಜಮಾನ್ರಿಗೆ ಇವತ್ತು ಊಟ ಇಲ್ಲ." ತಟ್ಟೆ ಇಡುತ್ತಾ ಸುಮ್ಮನೆ ಹೇಳಿದ ಮಾತು, ಅದರಲ್ಲಿ ಕೊಂಕಿರಲಿಲ್ಲ. ನನ್ನ ಕಿವಿ ಬಿಸಿಯಾಯಿತು.

"ಮಾತ್ರೆ ತಗೊಳ್ಬೇಕು" ಎಂದೆ.

"ಓ, ಹಾಗಾದ್ರೆ ಸ್ವಲ್ಪ ನಿಲ್ಲಿ. ಇದು ಆರಿದೆ. ಬಿಸಿಯದ್ದು ತಂದು ಕೊಡ್ತೇನೆ" ಎಂದು ತಟ್ಟೆ ವಾಪಸು ತೆಗೆದುಕೊಂಡು ಹೋದರು.

ತಿಂದೆ. ಮಾತ್ರೆ ನುಂಗಿದೆ. ಎರಡು ಲೋಟ ನೀರು ಕುಡಿದೆ. ಮಾರನೆಯ ದಿನ ದ್ವಾದಶಿ, ಬೆಳಗ್ಗೆ ಎದ್ದು ಕಾಲು ಕೆಳಗಿಟ್ಟೆ, ಕಾಲು ನಿಂತಿತು. ಆರು. ಒಂಬತ್ತಲ್ಲ, ಆರು. ಕೊಡೆ ತೆಗೆದುಕೊಂಡು ಕೆಲಸಕ್ಕೆ ಹೊರಟೆ. ಎಷ್ಟೋ ತಿಂಗಳಾದ ಮೇಲೆ ಒಂದು ದ್ವಾದಶಿಯ ಹಾಜರಿಯಲ್ಲಿ ನನ್ನ ಸಹಿ ಬಿತ್ತು.

ಸಂಜೆ ಮನೆಗೆ ಬಂದಾಗ ಎದುರು ಮನೆಯವರ ಹತ್ತಿರ ಅತ್ತೆ ಹೇಳುತ್ತಿದ್ದರು: "ನಿನ್ನೆ ನನ್ನ ಜೊತೆ ಒಂದು ಹನಿ ನೀರು ಮುಟ್ಟಿಲ್ಲ. ಇವತ್ತು ನೋಡಿ, ಎದ್ದು ಆಫೀಸಿಗೆ ಹೋಗಿದ್ದಾಳೆ. ಅಷ್ಟು ಗಟ್ಟಿ ನಮ್ಮ ಜಯಾ."

ಇದೇ ಮಾತಿಗಾಗಿ ನಾನು ಮೂರು ವರ್ಷ ಕಿವಿಗೊಟ್ಟು ಮಲಗಿದ್ದೆ. ಅವತ್ತು ಚಪ್ಪಲಿ ಬಿಚ್ಚಲೂ ಆಗದೆ ಬಾಗಿಲಲ್ಲಿ ನಿಂತೆ. ರಾಘುವಿಗೆ ಇಪ್ಪತ್ತು ವರ್ಷದಿಂದ ಸಾಧ್ಯವಾದದ್ದು ನನಗೆ ಒಂದು ದಿನವೂ ಜೀರ್ಣವಾಗಲಿಲ್ಲ. ಅವರ ದೋಸೆಯನ್ನು ಯಾರೂ ಹೊಗಳುವುದಿಲ್ಲ ಎಂಬುದು ಕಾರಣವಿರಬಹುದು.

ಮುಂದಿನ ದಶಮಿಯ ಸಂಜೆ ಅತ್ತೆ ಹೂವು ಕಟ್ಟುತ್ತಾ ಕೂತಿದ್ದಾಗ ಹೋಗಿ ಎದುರು ಕೂತೆ. ಪಟ್ಟಿಯನ್ನು ತೋರಿಸಿದೆ, ಸುತ್ತು ಹಾಕಿದ ನಾಲ್ಕು ದ್ವಾದಶಿಗಳನ್ನು ತೋರಿಸಿದೆ. ಇಡ್ಲಿಯ ವಿಷಯವನ್ನೂ ಹೇಳಿದೆ. ನಾಳೆ ಉಪವಾಸ ಮಾಡಿದರೆ ನಾಡಿದ್ದು ಕೆಲಸಕ್ಕೆ ಹೋಗಲಾಗುವುದಿಲ್ಲ, ನಾಡಿದ್ದು ಹೋಗದಿದ್ದರೆ ಬಹುಶಃ ಮುಂದೆಂದೂ ಹೋಗುವುದಿರುವುದಿಲ್ಲ ಎಂದೆ. ಹೇಳುವಾಗ ನನ್ನ ಧ್ವನಿ ಸರಿಯಾಗಿಯೇ ಇತ್ತು.

ಅತ್ತೆ ಹೂವಿನ ದಾರ ಗಂಟು ಹಾಕಿದರು. "ಮೂರು ವರ್ಷದಿಂದ ಮಾತ್ರೆ ತಗೊಂಡಿಲ್ವಾ ಏಕಾದಶಿಗೆ?"

"ಇಲ್ಲ."

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

ನಾನು ಪಟ್ಟಿಯನ್ನು ಮಡಿಚಿದೆ.

"ಆ ಕವರು ತಗೊಂಡು ಬಾ."

ತಂದುಕೊಟ್ಟೆ. ಕನ್ನಡಕ ಹಾಕಿಕೊಂಡು, ಕವರನ್ನು ದೀಪದ ಹತ್ತಿರ ಹಿಡಿದು, ತಮಿಳಿನಲ್ಲಿದ್ದುದನ್ನು ಎರಡು ಸಲ ಓದಿದರು. ವಾಪಸು ಕೊಟ್ಟರು. ಆ ಸಂಜೆ ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ಮೂರು ವರ್ಷ ಕಾಪಾಡಿಕೊಂಡದ್ದು ಕೈತಪ್ಪಿತು ಎಂದುಕೊಂಡೆ. ಅಪೂರ್ವ ಬಂದು ನನ್ನ ಪಕ್ಕ ಮಲಗಿ, ತಮಿಳಿನಲ್ಲಿ, "ಪರವಾಯಿಲ್ಲೆ ಮಾ" ಎಂದಳು. ಏನು ಪರವಾಗಿಲ್ಲ ಎಂದು ಅವಳಿಗೂ ಗೊತ್ತಿರಲಿಲ್ಲ.

ಬೆಳಗ್ಗೆ ಎಚ್ಚರವಾದದ್ದು ಕುಕ್ಕರಿನ ಸೀಟಿಗೆ. ಕನಸು ಎಂದುಕೊಂಡೆ. ಎರಡನೆಯ ಸೀಟಿಗೆ ಎದ್ದು ಹೋದೆ. ಏಕಾದಶಿಯ ಬೆಳಗ್ಗೆ, ಅತ್ತೆ ಒದ್ದೆ ಕೂದಲಿಗೆ ಗಂಟು ಹಾಕಿ, ಮಡಿಸೀರೆಯಲ್ಲಿ ಒಲೆಯ ಮುಂದೆ ನಿಂತಿದ್ದರು. ಸಾರಿಗೆ ಇಂಗಿನ ಒಗ್ಗರಣೆ ಬಿದ್ದಿತ್ತು. ನಾನು ಆ ಮನೆಗೆ ಬಂದು ಹತ್ತೊಂಬತ್ತು ವರ್ಷ, ಅವರು ಬಂದು ಐವತ್ತೇಳು. ಅಷ್ಟು ವರ್ಷಗಳಲ್ಲಿ ಆ ಅಡುಗೆಮನೆಯಲ್ಲಿ ಏಕಾದಶಿಯಂದು ಅಕ್ಕಿ ಬೆಂದದ್ದು ಅದೇ ಮೊದಲು.

"ಅತ್ತೆ, ಅವಲಕ್ಕಿ ಸಾಕಿತ್ತು" ಎಂದೆ. ಬೇರೇನು ಹೇಳುವುದೆಂದು ಹೊಳೆಯಲಿಲ್ಲ.

"ಅವಲಕ್ಕಿ ಊಟವೇನೇ? ಊಟದ ನಂತರ ಅಂತ ಬರೆದಿದ್ದಾನೆ." ತಟ್ಟೆ ಹಾಕಿದರು. ಬಿಸಿ ಅನ್ನ, ಸಾರು, ಒಂದು ಚಮಚ ತುಪ್ಪ. ತಟ್ಟೆಯ ಪಕ್ಕದಲ್ಲಿ ಮಾತ್ರೆಯ ಡಬ್ಬಿ, ನೀರಿನ ಲೋಟ. "ಕೂತ್ಕೋ. ಸೀಕ್ರ ತಿನ್ನು. ಆರಿ ಹೋಗತ್ತೆ."

ಅವರು ಗೋಡೆಗೆ ಒರಗಿ ನಿಂತರು. ನೀರು ಕುಡಿಯದ ಬಾಯಿ, ತುಟಿ ಒಣಗಿತ್ತು. ನಾನು ಉಣ್ಣುವುದನ್ನು ನೋಡಲಿಲ್ಲ, ಕಿಟಕಿಯ ಆಚೆ ನೋಡುತ್ತಿದ್ದರು. ಮಾತ್ರೆ ನುಂಗುವಾಗ ಮಾತ್ರ ತಿರುಗಿ, ಗಂಟಲು ಇಳಿಯುವ ತನಕ ನೋಡಿದರು.

"ಇವತ್ತು ಹೊರಗೆ ಯಾರಾದ್ರೂ ಕೇಳಿದ್ರೆ ನಾನೇ ಹೇಳ್ತೀನಿ. ನೀ ಹೇಳಕ್ಕೆ ಹೋಗ್ಬೇಡ. ನಿನಗೆ ಮಾತಾಡಕ್ಕೆ ಬರಲ್ಲ."

ಮಾರನೆಯ ದಿನ ನಾನು ಕೆಲಸಕ್ಕೆ ಹೋದೆ, ಅದರ ಮುಂದಿನ ದ್ವಾದಶಿಗೂ ಹೋದೆ. ಸೆಮಿಸ್ಟರ್ ಶುರುವಾದ ದಿನ ಪಟ್ಟಿಯ ಜೆರಾಕ್ಸ್ ತೆಗೆದುಕೊಂಡು ಲೈಬ್ರೇರಿಯನ್ನರ ಕೋಣೆಗೆ ಹೋದೆ. ಹದಿನೈದು ದಿನಕ್ಕೊಮ್ಮೆಯ ರಜೆಗೆ ಕಾರಣ ಸಿಕ್ಕಿದೆ, ಅದು ಇನ್ನು ಇರುವುದಿಲ್ಲ, ಆದರೆ ಉಳಿದ ಸುಸ್ತು ಹೋಗುವುದಿಲ್ಲ, ನನಗೆ ಕೂತು ಮಾಡುವ ಕೆಲಸ ಬೇಕು ಎಂದೆ. ಮೂರು ವರ್ಷ ಕೇಳಲು ನಾಚಿದ್ದ ಮಾತು ಅರ್ಧ ನಿಮಿಷದಲ್ಲಿ ಮುಗಿಯಿತು. ಅವರು ಪಟ್ಟಿಯನ್ನು ಕೊನೆಯ ಪುಟದಿಂದ ಮೊದಲ ಪುಟಕ್ಕೆ ಓದಿದರು. ಎಲ್ಲವನ್ನೂ ಅವರು ಓದುವುದು ಹಾಗೆಯೇ. "ದ್ವಾದಶಿಯಾ?" ಎಂದು ಒಮ್ಮೆ ತಲೆಯೆತ್ತಿದರು. ಈಗ ನಾನು ಕ್ಯಾಟಲಾಗಿಂಗ್ ವಿಭಾಗದಲ್ಲಿದ್ದೇನೆ, ಕಿಟಕಿಯಿಂದ ದೂರ, ಫ್ಯಾನಿನ ಕೆಳಗೆ ನನ್ನದೊಂದು ಕುರ್ಚಿ.

ಸುಸ್ತು ಇದೆ. ರಕ್ತ ಕಡಿಮೆಯಿದ್ದದ್ದು ಪರೀಕ್ಷೆಯಲ್ಲಿ ಸಿಕ್ಕಿ, ಅದಕ್ಕೂ ಮಾತ್ರೆ ಬಂದಿದೆ. ಹೆಚ್ಚಿನ ದಿನ ಐದು, ಒಳ್ಳೆಯ ದಿನ ನಾಲ್ಕು. ಕಾರಣವೇ ಇಲ್ಲದೆ ಎಂಟಾಗುವ ದಿನಗಳೂ ಇವೆ, ಅಂಥ ದಿನ ಸೆಲ್ವಿಗೆ ಫೋನ್ ಮಾಡಿ "ಕರೆಂಟಿಲ್ಲ" ಎನ್ನುತ್ತೇನೆ, ಅವಳು "ಇಲ್ಲೂ" ಎನ್ನುತ್ತಾಳೆ. ಡಾಕ್ಟರು ಬರೆದುಕೊಟ್ಟ ಸಲಹೆಗಳಲ್ಲಿ ದಿನಾ ಸಂಜೆ ಸ್ವಲ್ಪ ನಡೆಯಬೇಕು ಎಂದೂ ಇತ್ತು. ಅತ್ತೆ ಹೇಳುತ್ತಿದ್ದ ನಾಲ್ಕು ಹೆಜ್ಜೆ. ಇದನ್ನು ನಾನು ಅವರಿಗೆ ಇನ್ನೂ ತಿಳಿಸಿಲ್ಲ. ನಿಮ್ಮ ಸುಸ್ತಿನ ಕಳ್ಳರು ಬೇರೆ ಇರಬಹುದು. ಯಾವುದನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲವೋ ಅದನ್ನೂ ಡಾಕ್ಟರಿಗೆ ಹೇಳಿ ಎಂದಷ್ಟೇ ನಾನು ಹೇಳಬಲ್ಲೆ.

ಅತ್ತೆ ಆಮೇಲೆ ಒಂದು ಏಕಾದಶಿಯನ್ನೂ ತಪ್ಪಿಸಿಲ್ಲ, ಅವರ ಉಪವಾಸವನ್ನೂ, ನನ್ನ ಊಟವನ್ನೂ. ಅನ್ನ ಮುಟ್ಟಿದ ಮಡಿಯಲ್ಲಿ ಅವರು ಆ ದಿನ ದೇವರ ಪೂಜೆಗೆ ಕೂರುವಂತಿಲ್ಲ. ಇದು ನನಗೆ ಹೊಳೆದದ್ದು ಎಷ್ಟೋ ವಾರಗಳಾದ ಮೇಲೆ. ನಾನು ಉಂಡು ಕೈತೊಳೆದು, ಹೊರಡುವ ಮುಂಚೆ ಹತ್ತು ನಿಮಿಷ ಮಂಚದ ಮೇಲೆ ಒರಗಿರುತ್ತೇನೆ. ಆಗ ಬಚ್ಚಲಿನಿಂದ ಚೊಂಬು ಬಕೆಟ್ಟಿಗೆ ತಾಗುವ ಸದ್ದು, ತಣ್ಣೀರು ಸುರಿಯುವ ಸದ್ದು ಕೇಳುತ್ತದೆ. ಆ ಬೆಳಗ್ಗೆ ಅದು ಅವರ ಎರಡನೆಯ ಸ್ನಾನ.